ಆಟದ ಮೇಜಿನ ಮೇಲೆ ಕೊರಿಯಾದ ಮನೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪುಟ್ಟ ಗೊಂಬೆ ಸೈನಿಕರನ್ನೂ ಮಾದರಿ ಮನೆಗಳನ್ನೂ ಇಟ್ಟು ಕೊರಿಯಾದ ಯುದ್ಧಗಳನ್ನು ಮೇಜಿನ ಮೇಲೆ ಆಡಲು ಹೊರಟವರಿಗೆ ಸೈನಿಕರು ಬೇಗ ಸಿಗುತ್ತಾರೆ. ತೊಂದರೆ ಶುರುವಾಗುವುದು ಮನೆಗಳಿಂದ. ಅಂಗಡಿಗಳಲ್ಲಿ ಜಪಾನ್ ಇದೆ, ಚೀನಾ ಇದೆ, ವಿಯೆಟ್ನಾಂ ಇದೆ, ಕೊರಿಯಾ ಮಾತ್ರ ಹುಡುಕಿ ತೆಗೆಯಬೇಕು. ಮಾತಿನಲ್ಲಿ, ಪತ್ರಗಳಲ್ಲಿ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಹೊಸಬರಿಗೆ ಬೇಕಾದದ್ದು ಮೊದಲು ಬರುತ್ತದೆ, ಕೈ ಪಳಗಿದವರಿಗೆ ಬೇಕಾದದ್ದು ಆಮೇಲೆ.

## ಮೊದಲು ತಿಳಿಯಬೇಕಾದದ್ದು

ಜಪಾನಿನ ಮನೆ ಇಟ್ಟರೆ ಯಾರಿಗೆ ಗೊತ್ತಾಗುತ್ತೆ? ಕೊರಿಯಾದ್ದೇ ಯಾಕೆ ಬೇಕು?

ಒಂದು ಸಲ ಕಣ್ಣು ಪಳಗಿದರೆ ದೂರದಿಂದಲೇ ಗೊತ್ತಾಗುತ್ತೆ. ಕೊರಿಯಾದ ಮನೆಯ ಆಕಾರ ಹುಟ್ಟುವುದು ಅದರ ನೆಲದಿಂದ. ಅಲ್ಲಿನ ಚಳಿಗೆ ನೆಲವನ್ನೇ ಕಾಯಿಸುತ್ತಾರೆ. ಒಲೆಯ ಬಿಸಿ ಮತ್ತು ಹೊಗೆ ಕೋಣೆಯ ಕೆಳಗೆ ಹಾಸಿದ ಕಲ್ಲುಚಪ್ಪಡಿಗಳ ಅಡಿಯಲ್ಲಿ ಹಾದು, ಆಚೆ ತುದಿಯ ಹೊಗೆಗೂಡಿನಿಂದ ಹೊರಗೆ ಹೋಗುತ್ತದೆ. ಈ ವ್ಯವಸ್ಥೆಗೆ ಓಂದೊಲ್ ಅಂತ ಹೆಸರು. ಒಲೆ ಕೋಣೆಯ ನೆಲಕ್ಕಿಂತ ಕೆಳಗಿರಬೇಕು, ಹಾಗಾಗಿ ಅಡುಗೆಮನೆ ತಗ್ಗಿನಲ್ಲಿರುತ್ತದೆ. ಕಲ್ಲು, ಮಣ್ಣಿನ ಈ ಭಾರದ ನೆಲವನ್ನು ಮೇಲಿನ ಅಂತಸ್ತಿನಲ್ಲಿ ಕಟ್ಟುವುದು ಸುಲಭವಲ್ಲ, ಹಾಗಾಗಿ ಹಳ್ಳಿಯ ಮನೆಗಳು ಒಂದೇ ಅಂತಸ್ತು. ಹೊಗೆಗೂಡು ಮಾಡಿನ ಮೇಲೆ ಇರುವುದಿಲ್ಲ. ಮನೆಯ ಹಿಂದೆಯೋ ಪಕ್ಕದಲ್ಲೋ ನೆಲದಿಂದ ಬೇರೆಯಾಗಿ ಎದ್ದು ನಿಂತಿರುತ್ತದೆ.

ಜಪಾನಿನ ರೈತನ ಮನೆ ಎತ್ತರ, ಅದರ ಹುಲ್ಲಿನ ಮಾಡು ಕಡಿದಾದ ಇಳಿಜಾರು. ಕೊರಿಯಾದ ರೈತನ ಮನೆ ತಗ್ಗು. ಹುಲ್ಲಿನ ಮಾಡು ದುಂಡಗೆ, ಮೆತ್ತಗೆ ಕೂತಿರುತ್ತದೆ. ಗೋಡೆ ಮಣ್ಣಿನದು, ಬಾಗಿಲು ಚಿಕ್ಕದು, ಬಾಗಿಲಿಗೆ ಕಾಗದ ಅಂಟಿಸಿರುತ್ತಾರೆ. ಇಷ್ಟನ್ನು ನೆನಪಿಟ್ಟುಕೊಂಡರೆ ಅಂಗಡಿಯವರು ಡಬ್ಬದ ಮೇಲೆ ಏನು ಬರೆದಿದ್ದಾರೆ ಅನ್ನುವುದಕ್ಕೆ ಕಟ್ಟುಬೀಳಬೇಕಿಲ್ಲ.

ಎಲ್ಲಾ ಯುದ್ಧಕ್ಕೂ ಒಂದೇ ಸೆಟ್ ಮನೆ ಸಾಕಾಗುತ್ತಾ?

ಹುಲ್ಲಿನ ಮನೆಗಳ ಮಟ್ಟಿಗೆ ಸಾಕು. ರೈತರ ಚೊಗಾ, ಅಂದರೆ ಬತ್ತದ ಹುಲ್ಲು ಹೊದಿಸಿದ ಮನೆ, 1592ರಲ್ಲೂ ಇತ್ತು, 1950ರಲ್ಲೂ ಇತ್ತು. ಜಪಾನೀಯರು ದಂಡೆತ್ತಿ ಬಂದ 1592–1598ರ ಇಮ್ಜಿನ್ ಯುದ್ಧ, 1636–37ರ ಮಂಚು ದಾಳಿ, 1866 ಮತ್ತು 1871ರಲ್ಲಿ ಗಾಂಗ್ವಾ ದ್ವೀಪದಲ್ಲಿ ಫ್ರೆಂಚರು ಮತ್ತು ಅಮೆರಿಕನ್ನರ ಜೊತೆ ನಡೆದ ಕಾಳಗಗಳು, 1950–53ರ ಕೊರಿಯಾ ಯುದ್ಧ, ಇಷ್ಟಕ್ಕೂ ಅದೇ ನಾಲ್ಕೈದು ಮನೆ ನಡೆಯುತ್ತದೆ. ಹಾಗಾಗಿ ದುಡ್ಡು, ಸಮಯ ಮೊದಲು ಇವಕ್ಕೆ ಹಾಕಿ.

ಬದಲಾಗುವುದು ದೊಡ್ಡ ಕಟ್ಟಡಗಳು. ಸಿಯೋಲ್‌ನ ಗ್ಯೊಂಗ್‌ಬೊಕ್ ಅರಮನೆ 1592ರಲ್ಲಿ ಸುಟ್ಟುಹೋಯಿತು. ಮತ್ತೆ ಕಟ್ಟಿದ್ದು 1860ರ ದಶಕದಲ್ಲಿ. ಸುವೊನ್‌ನ ಹ್ವಾಸೊಂಗ್ ಕೋಟೆ 1794–96ರದು. ಅದು ಎಷ್ಟು ಚಂದವಿದ್ದರೂ ಇಮ್ಜಿನ್ ಯುದ್ಧದ ಮೇಜಿಗೆ ಸಲ್ಲುವುದಿಲ್ಲ.

ಒಬ್ಬರು 28 ಎಂಎಂ ಅಂತಾರೆ, ಇನ್ನೊಬ್ಬರು 1/72 ಅಂತಾರೆ. ನನ್ನ ಸೈನಿಕರಿಗೆ ಯಾವುದು ಹೊಂದುತ್ತೆ?

ಎಂಎಂ ಅಂದರೆ ಗೊಂಬೆ ಸೈನಿಕನ ಎತ್ತರ, 1/72 ಅಂದರೆ ನಿಜದ ಅಳತೆಯ 72ರಲ್ಲೊಂದು ಪಾಲು. 28 ಎಂಎಂ ಸೈನಿಕರಿಗೆ ಸುಮಾರು 1/56, 20 ಎಂಎಂಗೆ 1/72, 15 ಎಂಎಂಗೆ 1/100, 10 ಎಂಎಂಗೆ 1/150ರ ಆಸುಪಾಸು, 6 ಎಂಎಂಗೆ 1/300 ಅಂತ ಇಟ್ಟುಕೊಳ್ಳಿ.

ಡಬ್ಬದ ಮೇಲಿನ ಸಂಖ್ಯೆಗಿಂತ ಸ್ಕೇಲಿನಲ್ಲಿ ಅಳೆದು ನೋಡುವುದೇ ನಂಬಿಕೆಯ ದಾರಿ. ಕೊರಿಯಾದಲ್ಲಿ ಸಾಂಪ್ರದಾಯಿಕ ಮನೆಯನ್ನು ಕಾನ್ ಲೆಕ್ಕದಲ್ಲಿ ಅಳೆಯುತ್ತಾರೆ. ಕಂಬದಿಂದ ಕಂಬದ ನಡುವಿನ ಜಾಗ ಒಂದು ಕಾನ್. ಊರಿಂದ ಊರಿಗೆ ಅದು ಬೇರೆಯಾಗುತ್ತದೆ, ಆದರೂ 2.4 ಮೀಟರ್ ಅಂತ ಹಿಡಿದರೆ ನಮ್ಮ ಕೆಲಸಕ್ಕೆ ಸಾಕು. ಬಡ ರೈತನ ಮನೆ ಅಂದರೆ ಮೂರು ಕಾನ್, ಅಂದರೆ 7.2 ಮೀಟರ್ ಉದ್ದ. 1/56ರಲ್ಲಿ ಅದು ಸುಮಾರು 13 ಸೆಂಟಿಮೀಟರ್, 1/72ರಲ್ಲಿ 10, 1/100ರಲ್ಲಿ 7, 1/150ರಲ್ಲಿ 5, 1/300ರಲ್ಲಿ ಎರಡೂವರೆಗಿಂತ ಸ್ವಲ್ಪ ಕಡಿಮೆ. ಮಾರುವವರು ಕೊಟ್ಟ ಅಳತೆಯನ್ನು ಇದರ ಪಕ್ಕ ಇಟ್ಟು ನೋಡಿ.

ಅಗಲ ಸ್ವಲ್ಪ ಕಡಿಮೆಯಾದರೆ ಚಿಂತೆಯಿಲ್ಲ, ಮೇಜಿನ ಮೇಲೆ ಜಾಗ ಉಳಿಯುತ್ತದೆ. ಬಾಗಿಲು ಮಾತ್ರ ಸೈನಿಕನ ಎತ್ತರಕ್ಕೆ ಒಪ್ಪಬೇಕು. ಬಾಗಿಲು ತಪ್ಪಿದರೆ ಇಡೀ ಮನೆ ತಪ್ಪಾಗಿ ಕಾಣುತ್ತದೆ.

## ಹುಡುಕುವುದು, ಕೊಳ್ಳುವುದು

ಎಷ್ಟು ಹುಡುಕಿದರೂ ಸಮುರಾಯ್ ಮನೆಗಳೇ ಬರ್ತವೆ. ಏನಂತ ಟೈಪ್ ಮಾಡಲಿ?

ಬರೀ ‘ಕೊರಿಯನ್ ಬಿಲ್ಡಿಂಗ್’ ಅಂತ ಹಾಕಿದರೆ ಹಾಗೇ ಆಗುವುದು. ಹಾನೊಕ್, ಚೊಗಾಜಿಪ್, ಗಿವಾಜಿಪ್ ಅಂತ ಹುಡುಕಿ. ಹಾನೊಕ್ ಅಂದರೆ ಸಾಂಪ್ರದಾಯಿಕ ಮನೆ, ಚೊಗಾಜಿಪ್ ಹುಲ್ಲಿನ ಮನೆ, ಗಿವಾಜಿಪ್ ಹೆಂಚಿನ ಮನೆ. ಊರ ಕೋಟೆಗೆ ಉಪ್‌ಸೊಂಗ್, ಬೆಟ್ಟದ ಕೋಟೆಗೆ ಸಾನ್‌ಸೊಂಗ್. ಇವನ್ನೇ ಕೊರಿಯನ್ ಲಿಪಿಯಲ್ಲಿ ಹಾಕಿದರೆ ಫಲ ಇನ್ನೂ ಜಾಸ್ತಿ. ವಿಕಿಪೀಡಿಯಾದಲ್ಲಿ ಹಾನೊಕ್ ಪುಟ ತೆರೆದು ಅಲ್ಲಿರುವ ಕೊರಿಯನ್ ಅಕ್ಷರಗಳನ್ನು ಕಾಪಿ ಮಾಡಿಕೊಳ್ಳಿ, ಅದರ ಜೊತೆ ‘ಮಾಡೆಲ್’ ಅಂತ ಸೇರಿಸಿ.

ಆಟದವರ ಅಂಗಡಿಗಳಿಗೇ ಅಂಟಿಕೊಳ್ಳಬೇಡಿ. ರೈಲು ಮಾಡೆಲ್, ಶಾಲಾ ಮಕ್ಕಳ ಮರದ ಕಿಟ್, ಕಾಗದದ ಮಾಡೆಲ್, ಪ್ರವಾಸಿಗರಿಗೆ ಮಾರುವ ನೆನಪಿನ ಕಾಣಿಕೆ, ಈ ನಾಲ್ಕು ಕಡೆ ಕೊರಿಯಾದ ಮನೆಗಳು ಸಿಗುತ್ತವೆ.

ರೆಡಿಮೇಡ್ ಅಂತ ನಿಜವಾಗಿ ಏನೇನಿದೆ?

ದಕ್ಷಿಣ ಕೊರಿಯಾದ ಯಂಗ್ ಮಾಡೆಲರ್ ಕಂಪನಿ ಸಾಂಪ್ರದಾಯಿಕ ಕಟ್ಟಡಗಳ ಮರದ ಕಿಟ್ ಮಾಡುತ್ತದೆ. ಲೇಸರ್‌ನಲ್ಲಿ ಕತ್ತರಿಸಿದ ತುಂಡುಗಳು, ಒಂದೊಂದು ತೊಲೆಯನ್ನೂ ಜೋಡಿಸಬೇಕು. ಆಕಾರದ ಬಗ್ಗೆ ಅನುಮಾನವೇ ಬೇಡ, ಕೊರಿಯಾದವರೇ ಮಾಡಿದ್ದು. ಆದರೆ ಇವು ಶೋಕೇಸ್‌ಗೆ ಮಾಡಿದ ಕಿಟ್‌ಗಳು. ಒಂದೊಂದರ ಸ್ಕೇಲ್ ಒಂದೊಂದು. ಕೊಳ್ಳುವ ಮೊದಲು ಉದ್ದ, ಎತ್ತರ ನೋಡಿಕೊಳ್ಳಿ. ಆಟದಲ್ಲಿ ಎತ್ತಿ ಇಳಿಸುವಾಗ ಮುರಿಯದ ಹಾಗೆ ಕೆಳಗೆ ಗಟ್ಟಿ ಹಲಗೆ ಕೊಡಿ.

10 ಎಂಎಂ ಆಡುವವರಿಗೆ ಜಪಾನಿನ ಎನ್ ಗೇಜ್ ಅನ್ನೋ ಪುಟ್ಟ ಅಳತೆಯ ರೈಲು ಮಾಡೆಲ್‌ಗಳ ಕಟ್ಟಡ ಒಳ್ಳೆಯ ದಾರಿ. ಅವೆಲ್ಲ 1/150. ಟೋಮಿಕ್ಸ್, ಕಾಟೊ ಅಂಥವರ ರೈಲ್ವೆ ನಿಲ್ದಾಣ ಮತ್ತು ಅಂಗಡಿಗಳು 1950ರ ಪಟ್ಟಣಕ್ಕೆ ನೇರವಾಗಿ ಹೊಂದುತ್ತವೆ. ಹಳ್ಳಿಮನೆಗಳು ಮಾತ್ರ ಹೊಂದುವುದಿಲ್ಲ.

ರೆಸಿನ್ (ಅಚ್ಚಿಗೆ ಸುರಿದು ಗಟ್ಟಿ ಮಾಡುವ ಪ್ಲಾಸ್ಟಿಕ್), ಎಂಡಿಎಫ್ (ಒತ್ತಿದ ಮರದ ಹಲಗೆ) ಮನೆಗಳನ್ನು ಮಾಡುವ ಸಣ್ಣ ತಯಾರಕರ ಪಟ್ಟಿ ಬದಲಾಗುತ್ತಲೇ ಇರುತ್ತದೆ. ಅವರ ಬಳಿ ‘ಏಷ್ಯಾದ ಹಳ್ಳಿ’ ಅನ್ನೋ ಹೆಸರಿನಲ್ಲಿ ಏನಾದರೂ ಕಂಡರೆ ಮಾಡಿನ ಆಕಾರ ನೋಡಿ. ದುಂಡು ಮಾಡು, ಮಣ್ಣಿನ ಗೋಡೆ, ಒಂದೇ ಅಂತಸ್ತು ಇದ್ದರೆ ಧೈರ್ಯವಾಗಿ ತಗೊಳ್ಳಿ. ಕಂಬಗಳ ಮೇಲೆ ಎತ್ತರಕ್ಕೆ ಕಟ್ಟಿದ್ದರೆ ಅದು ಆಗ್ನೇಯ ಏಷ್ಯಾದ ಮನೆ, ಬಿಟ್ಟುಬಿಡಿ.

ಜಪಾನಿನ ಕಿಟ್‌ಗಳು ಆಗಲೇ ನನ್ನ ಹತ್ರ ರಾಶಿ ಇವೆ. ಎಸೆಯೋದಾ?

ಖಂಡಿತ ಬೇಡ. ಅವು ಸರಿಯಾಗಿ ಸಲ್ಲುವ ಜಾಗಗಳು ಎರಡಿವೆ.

ಮೊದಲನೆಯದು, ಇಮ್ಜಿನ್ ಯುದ್ಧದಲ್ಲಿ ಜಪಾನೀಯರು ದಕ್ಷಿಣದ ಕರಾವಳಿಯುದ್ದಕ್ಕೂ ತಮ್ಮದೇ ಮಾದರಿಯ ಕೋಟೆಗಳನ್ನು ಕಟ್ಟಿದರು. ಇವಕ್ಕೆ ವೆಸೊಂಗ್ ಎನ್ನುತ್ತಾರೆ. ಓರೆಯಾಗಿ ಮೇಲೇರುವ ಕಲ್ಲುಗೋಡೆ, ಒಂದರೊಳಗೊಂದು ಆವರಣ, ತಿರುವಿನ ಬಾಗಿಲು, ಎಲ್ಲಾ ಜಪಾನಿನದೇ. 1597–98ರ ಚಳಿಗಾಲದಲ್ಲಿ ಉಲ್ಸಾನ್ ಕೋಟೆಯೊಳಗೆ ಜಪಾನಿನ ಸೇನಾಪತಿ ಕಾತೊ ಕಿಯೊಮಾಸಾ ಸಿಕ್ಕಿಬಿದ್ದಾಗ ಹೊರಗೆ ಮುತ್ತಿಗೆ ಹಾಕಿದ್ದು ಮಿಂಗ್ ಚೀನಾ ಮತ್ತು ಕೊರಿಯಾದ ಸೇನೆ. ಸುಂಚೊನ್‌ನಲ್ಲಿ ಇನ್ನೊಬ್ಬ ಜಪಾನಿ ಸೇನಾಪತಿ ಕೊನಿಶಿ ಯುಕಿನಾಗಾ ಇದ್ದದ್ದೂ ಇಂಥದ್ದೇ ಕೋಟೆಯಲ್ಲಿ. ನಿಮ್ಮ ಜಪಾನಿ ಕೋಟೆಯ ಕಿಟ್ ಇಲ್ಲಿ ನೂರಕ್ಕೆ ನೂರು ಸರಿ. ಬಹಳ ಜನ ಈ ಸನ್ನಿವೇಶವನ್ನು ಮರೆತೇಬಿಡುತ್ತಾರೆ ಅನ್ನುವುದು ನನಗೆ ಬೇಜಾರಿನ ವಿಷಯ.

ಎರಡನೆಯದು, 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಪಟ್ಟಣಗಳಲ್ಲಿ ಜಪಾನಿ ಶೈಲಿಯ ಎರಡಂತಸ್ತಿನ ಅಂಗಡಿ, ಕಚೇರಿ, ಶಾಲೆಗಳು ಎದ್ದವು. 1950ರ ಪಟ್ಟಣದ ಬೀದಿಯಲ್ಲಿ ಅವನ್ನು ಸಾಲಾಗಿ ಇಡಬಹುದು.

3ಡಿ ಪ್ರಿಂಟರ್ ಇದೆ. 28 ಎಂಎಂ ಫೈಲನ್ನು ಸಣ್ಣದು ಮಾಡಿ ಪ್ರಿಂಟ್ ಹಾಕಬಹುದಲ್ವಾ?

ಹಾಕಬಹುದು. 1/56ರ ಫೈಲನ್ನು 1/72ಕ್ಕೆ ಇಳಿಸಲು 78%, 1/100ಕ್ಕೆ 56%, 1/150ಕ್ಕೆ 37%. ಕಲ್ಟ್ಸ್, ಥಿಂಗಿವರ್ಸ್, ಮೈಮಿನಿಫ್ಯಾಕ್ಟರಿ ತಾಣಗಳಲ್ಲಿ ಹಾನೊಕ್ ಅಂತ ಹುಡುಕಿ ಶುರು ಮಾಡಿ.

ಸಣ್ಣದು ಮಾಡಿದಾಗ ಗೋಡೆಯೂ ತೆಳ್ಳಗಾಗುತ್ತದೆ ಅನ್ನುವುದು ನೆನಪಿರಲಿ. 28 ಎಂಎಂನಲ್ಲಿ 2 ಮಿಲಿಮೀಟರ್ ಇದ್ದ ಗೋಡೆ 37%ಗೆ ಬಂದಾಗ 0.74 ಆಗುತ್ತದೆ. ಪ್ಲಾಸ್ಟಿಕ್ ದಾರ ಕರಗಿಸಿ ಪದರ ಕಟ್ಟುವ ಫಿಲಮೆಂಟ್ ಪ್ರಿಂಟರ್‌ನಲ್ಲಿ, ಅದರ ನಾಝಲ್ (ಮೂತಿ) 0.4 ಮಿಲಿಮೀಟರ್ ಇದ್ದರೆ, ಎರಡು ಗೆರೆ ಗೋಡೆಗೇ 0.8 ಬೇಕು. 10 ಎಂಎಂಗೆ ಇಳಿಸುವುದಾದರೆ ಒಳಗೆ ಟೊಳ್ಳಿಲ್ಲದ, ಗಟ್ಟಿ ಮನೆಯ ಫೈಲ್ ಆರಿಸಿ. ಬಾಗಿಲಿನ ಮರದ ಜಾಲರಿಗೆ ರೆಸಿನ್ ಪ್ರಿಂಟರ್ ಒಳ್ಳೆಯದು. ಮಣ್ಣಿನ ಗೋಡೆ, ಹುಲ್ಲಿನ ಮಾಡಿಗೆ ಫಿಲಮೆಂಟ್ ಸಾಕು, ಅದರ ಪದರದ ಗೆರೆಗಳು ಹುಲ್ಲಿನಲ್ಲಿ ಮುಚ್ಚಿಹೋಗುತ್ತವೆ. ಹೆಂಚಿನ ಮಾಡಿನಲ್ಲಿ ಮಾತ್ರ ಆ ಗೆರೆಗಳು ಎದ್ದು ಕಾಣುತ್ತವೆ, ಅದನ್ನು ಓರೆಯಾಗಿ ನಿಲ್ಲಿಸಿ ಪ್ರಿಂಟ್ ಮಾಡಿ.

ಹೊರದೇಶದಿಂದ ತರಿಸಿದರೆ ಕೈ ಸುಡುತ್ತಾ?

ರೆಸಿನ್ ಮನೆಗಳು ಭಾರ, ಅಂಚೆ ಖರ್ಚೇ ಜಾಸ್ತಿ. ಅದರ ಮೇಲೆ ಇಲ್ಲಿ ಕಸ್ಟಮ್ಸ್ ಸುಂಕ ಸೇರಬಹುದು. ಭಾರತದಲ್ಲಿರುವವರು ಎಸ್‌ಟಿಎಲ್ (3ಡಿ ಪ್ರಿಂಟ್‌ನ) ಫೈಲ್ ಕೊಂಡು ಇಲ್ಲೇ ಪ್ರಿಂಟ್ ಮಾಡಿಸುವುದು, ಇಲ್ಲವೇ ವಾರ್‌ಗೇಮ್ ವಾಲ್ಟ್‌ನಂಥ ಕಡೆ ಸಿಗುವ ಕಾಗದದ ಮನೆಗಳ ಪಿಡಿಎಫ್ ಕೊಳ್ಳುವುದು ಲಾಭ.

## ಕೈಯಾರೆ ಮಾಡುವುದು

ನಾನೇ ಮಾಡ್ತೀನಿ. ಒಂದು ಹುಲ್ಲಿನ ಮನೆ ಎಲ್ಲಿಂದ ಶುರು ಮಾಡಲಿ?

ಇದು ನನಗೆ ಎಲ್ಲಕ್ಕಿಂತ ಇಷ್ಟದ ಪ್ರಶ್ನೆ. 28 ಎಂಎಂ ಅಳತೆಯಲ್ಲಿ ಹೇಳುತ್ತೇನೆ.

ಕೆಳಗಿನಿಂದ ಮೇಲಕ್ಕೆ ಹೋಗಿ. ಮೊದಲು ಕಲ್ಲಿನ ಜಗಲಿ. 6ರಿಂದ 8 ಮಿಲಿಮೀಟರ್ ದಪ್ಪದ ಫೋಮ್ ತುಂಡು, ಅದರ ಅಂಚಿನಲ್ಲಿ ಪೆನ್ನಿನಿಂದ ಒತ್ತಿ ಕಲ್ಲುಗಳ ಗೆರೆ ಮೂಡಿಸಿ. ಅದರ ಮೇಲೆ 13 ಸೆಂಟಿಮೀಟರ್ ಉದ್ದ, 5ರಿಂದ 6 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ಎತ್ತರದ ಗೋಡೆ. ಸ್ಟೇಷನರಿ ಅಂಗಡಿಯ 5 ಎಂಎಂ ಸನ್‌ಬೋರ್ಡ್ ಇದಕ್ಕೆ ಸಾಕು. ಉದ್ದವನ್ನು ಮೂರು ಪಾಲು ಮಾಡಿ. ಒಂದು ಪಾಲು ಅಡುಗೆಮನೆ, ಅದರ ಬಾಗಿಲು ಹಲಗೆಯದು. ಉಳಿದೆರಡು ಕೋಣೆಗಳು, ಅವುಗಳ ಬಾಗಿಲು ಕಾಗದದ್ದು. ಕೋಣೆಗಳ ಮುಂದೆ ಜಗಲಿಗಿಂತ 8 ಮಿಲಿಮೀಟರ್ ಎತ್ತರದಲ್ಲಿ ಮರದ ಪಟ್ಟಿಯ ಸಣ್ಣ ಕಟ್ಟೆ. ಐಸ್‌ಕ್ರೀಮ್ ಕಡ್ಡಿ ಇದಕ್ಕೆ ಹೇಳಿ ಮಾಡಿಸಿದ್ದು. ಕಂಬಗಳಿಗೆ ನಿಜವಾದ ಮರದ ಕಡ್ಡಿಗಳನ್ನೇ ಬಳಸಿ, ಸ್ವಲ್ಪ ಸೊಟ್ಟ ಇದ್ದರೆ ಇನ್ನೂ ಚಂದ. ಬಡವರ ಮನೆಗೆ ಸಿಕ್ಕ ಮರವನ್ನೇ ನಿಲ್ಲಿಸುತ್ತಿದ್ದರು.

ಗೋಡೆಗೆ ಫೆವಿಕಾಲ್ ಬೆರೆಸಿದ ಸಣ್ಣ ಜರಡಿ ಮಣ್ಣು ಬಳಿಯಿರಿ. ನಿಜವಾದ ಮನೆಯ ಗೋಡೆಯೂ ಮಣ್ಣೇ ತಾನೆ. ಬಾಗಿಲಿಗೆ ಟಿಶ್ಯೂ ಪೇಪರ್ ಅಂಟಿಸಿ, ಅದರ ಹೊರಗೆ ಸೀಳಿದ ಊದುಬತ್ತಿ ಕಡ್ಡಿಯ ಜಾಲರಿ. ನಿಜವಾದ ಕೋಣೆಯ ಬಾಗಿಲು ಬಹಳ ಕುಳ್ಳು, ಬಗ್ಗಿ ಒಳಗೆ ಹೋಗಬೇಕು. ಆದರೆ ಬೇಸ್ (ಕಾಲಡಿಯ ಬಿಲ್ಲೆ) ಮೇಲೆ ನಿಂತ ಸೈನಿಕನ ಪಕ್ಕ ಅದು ವಿಚಿತ್ರವಾಗಿ ಕಾಣುತ್ತದೆ, ಹಾಗಾಗಿ 32 ಮಿಲಿಮೀಟರ್ ಇಡಿ.

ಮಾಡಿನಲ್ಲೇ ಮನೆಯ ಜೀವ ಇರುವುದು. ಗೋಡೆಯಿಂದ ನಾಲ್ಕೂ ಕಡೆ 14 ಮಿಲಿಮೀಟರ್ ಹೊರಗೆ ಚಾಚಿದ, 3 ಸೆಂಟಿಮೀಟರ್ ಎತ್ತರದ ಫೋಮ್ ತುಂಡು ತಗೊಂಡು ಮೂಲೆಗಳನ್ನೆಲ್ಲ ದುಂಡಗೆ ಉಜ್ಜಿ. ಚೂಪು ಅಂಚು ಎಲ್ಲೂ ಉಳಿಯಬಾರದು. ಆಮೇಲೆ ಸೆಣಬಿನ ಹುರಿ ಬಿಚ್ಚಿ, ಎರಡು ಸೆಂಟಿಮೀಟರ್ ಎಳೆಗಳಾಗಿ ಕತ್ತರಿಸಿ, ಕೆಳಗಿನ ಅಂಚಿನಿಂದ ಮೇಲಕ್ಕೆ ಸಾಲುಸಾಲಾಗಿ ಅಂಟಿಸುತ್ತಾ ಹೋಗಿ. ಪ್ರತಿ ಸಾಲು ಕೆಳಗಿನ ಸಾಲಿನ ಅರ್ಧ ಮುಚ್ಚಬೇಕು. ತುದಿಯಲ್ಲಿ ಜಡೆ ಹೆಣೆದ ಹುರಿ ಒಂದನ್ನು ಉದ್ದಕ್ಕೆ ಮಲಗಿಸಿ. ಕೊನೆಗೆ ತೆಳು ದಾರವನ್ನು ಮಾಡಿನ ಮೇಲಿಂದ ಇಳಿಬಿಟ್ಟು ಸೂರಿನ ಅಂಚಿಗೆ ಕಟ್ಟಿ. ಗಾಳಿಗೆ ಹುಲ್ಲು ಹಾರದಿರಲು ಅಲ್ಲಿ ಹೀಗೇ ಕಟ್ಟುತ್ತಾರೆ. ಚೌಕಚೌಕವಾಗಿ ಬಲೆಯಂತೆ ಒತ್ತೊತ್ತಾಗಿ ಬಿಗಿಯುವುದು ಜೇಜು ದ್ವೀಪದ ಪದ್ಧತಿ. ಅಲ್ಲಿನ ಗಾಳಿ ಅಷ್ಟು ಜೋರು. ಒಳನಾಡಿನ ಮನೆಗೆ ದಾರ ವಿರಳವಾಗಿರಲಿ.

ಮಾಡನ್ನು ಗೋಡೆಗೆ ಅಂಟಿಸಬೇಡಿ. ಎತ್ತಿ ಒಳಗೆ ಸೈನಿಕರನ್ನು ಇಡುವ ಹಾಗಿರಬೇಕು.

ಹೆಂಚಿನ ಮಾಡು ಹೇಗೆ? ನಮ್ಮ ಮಂಗಳೂರು ಹೆಂಚಿನ ಹಾಗೇನಾ?

ಅಲ್ಲ. ನಮ್ಮ ಹಳೆ ನಾಡಹೆಂಚನ್ನು ನೆನಪಿಸಿಕೊಳ್ಳಿ. ಮಲಗಿಸಿದ ಹೆಂಚಿನ ಸಾಲು, ಎರಡು ಸಾಲಿನ ನಡುವಿನ ಸಂದಿಯ ಮೇಲೆ ಕವುಚಿದ ಅರ್ಧವೃತ್ತದ ಹೆಂಚಿನ ಸಾಲು. ಬಣ್ಣ ಕೆಂಪಲ್ಲ, ಕಪ್ಪುಮಿಶ್ರಿತ ಬೂದಿ.

ಸಾಲಿನಿಂದ ಸಾಲಿಗೆ ಸುಮಾರು ಒಂದಡಿ ಅಂತ ಹಿಡಿಯಿರಿ. 1/56ರಲ್ಲಿ ಅದು ಐದೂವರೆ ಮಿಲಿಮೀಟರ್. ಸಾಮಾನ್ಯ ಪಾರ್ಸೆಲ್ ಡಬ್ಬದ ರಟ್ಟಿನ ಒಂದು ಬದಿಯ ಕಾಗದ ನೆನೆಸಿ ಕಿತ್ತರೆ ಹೆಚ್ಚುಕಡಿಮೆ ಅದೇ ಅಂತರದ ಏಣುಗಳು ಸಿಗುತ್ತವೆ. 15 ಎಂಎಂಗೆ 3 ಮಿಲಿಮೀಟರ್ ಬೇಕು, ಅದು ಪಿಜ್ಜಾ ಡಬ್ಬದ ತೆಳು ರಟ್ಟಿನಲ್ಲಿದೆ. ಸೂರಿನ ಅಂಚು ಮಧ್ಯದಲ್ಲಿ ಸ್ವಲ್ಪ ತಗ್ಗಿ, ಎರಡೂ ಮೂಲೆಗಳಲ್ಲಿ ಮೆಲ್ಲಗೆ ಏರಬೇಕು. ಜಾಸ್ತಿ ಎತ್ತಿದರೆ ಚೀನಾದ ದಕ್ಷಿಣದ ಗುಡಿಯಂತೆ ಕಾಣುತ್ತದೆ. ಏಣುಗಳ ಮೇಲೆ ಒಂದು ಅಡ್ಡ ರಟ್ಟಿನ ಪಟ್ಟಿ ಇಟ್ಟು ದಪ್ಪನೆಯ ತುದಿ ಮಾಡಿ, ಅದಕ್ಕೆ ಬಿಳಿ ಸುಣ್ಣದ ಗೆರೆ ಎಳೆಯಿರಿ.

ಫೋಟೋಗಳಲ್ಲಿ ಹಸಿರು, ಕೆಂಪು ಬಣ್ಣ ಝಗಮಗ ಅನ್ನುತ್ತೆ. ಎಲ್ಲಾ ಮನೆಗೂ ಹಾಗೇ ಬಳಿಯೋದಾ?

ಆ ಅಲಂಕಾರಕ್ಕೆ ದಾನ್‌ಚೊಂಗ್ ಅಂತ ಹೆಸರು. ಅದು ಅರಮನೆ, ದೇವಾಲಯ, ಸರ್ಕಾರಿ ಕಟ್ಟಡ, ಕೋಟೆ ಬಾಗಿಲಿನ ಮೇಲಿನ ಮಂಟಪಗಳಿಗೆ ಮಾತ್ರ. ಜನರ ಮನೆಗೆ ಅದನ್ನು ಬಳಿಯುವಂತಿರಲಿಲ್ಲ, ಶ್ರೀಮಂತನ ಹೆಂಚಿನ ಮನೆಗೂ ಇಲ್ಲ. ಮನೆಯ ಮರ ಬರೀ ಮರದ ಬಣ್ಣ, ಹಳೆಯದಾದರೆ ಬೂದಿ. ಗೋಡೆ ಹಳದಿ ಮಣ್ಣಿನದು, ಉಳ್ಳವರದಾದರೆ ಸುಣ್ಣದ ಬಿಳಿ.

ಹುಲ್ಲಿನ ಬಣ್ಣಕ್ಕೆ ತಿಂಗಳು ನೋಡಬೇಕು. ಕೊಯ್ಲಾದ ಮೇಲೆ, ಶರತ್ಕಾಲದ ಕೊನೆಗೆ ಹೊಸ ಹುಲ್ಲು ಹೊದಿಸುತ್ತಾರೆ. ಜನವರಿಯ ಉಲ್ಸಾನ್‌ಗೆ ಮಾಡು ಇನ್ನೂ ಹೊಂಬಣ್ಣ. 1950ರ ಆಗಸ್ಟ್‌ನ ನಾಕ್‌ಡೊಂಗ್ ನದಿ ದಂಡೆಯ ಕಾಳಗಕ್ಕೆ ಮಳೆ, ಬಿಸಿಲು ತಿಂದ ಬೂದು ಮಾಡು.

ಮನೆ ಚೆನ್ನಾಗಿ ಬಂತು, ಆದರೂ ಕೊರಿಯಾ ಅನ್ನಿಸ್ತಿಲ್ಲ. ಏನು ಬಿಟ್ಟೆ?

ಬಹುಶಃ ಅಂಗಳ. ಮನೆಯ ಹಿಂದೆಯೋ ಪಕ್ಕದಲ್ಲೋ ಕಲ್ಲು ಕಟ್ಟೆಯ ಮೇಲೆ ಸೋಯಾ ಸಾಸ್, ಹುಳಿಬರಿಸಿದ ಸೋಯಾ ಹಿಟ್ಟಿನ ಕಂದು ಜಾಡಿಗಳ ಸಾಲು ಇರಲೇಬೇಕು. ದೊಡ್ಡ ಜಾಡಿ 28 ಎಂಎಂ ಅಳತೆಯಲ್ಲಿ ಒಂದರಿಂದ ಒಂದೂವರೆ ಸೆಂಟಿಮೀಟರ್. ಸರದ ಮರದ ಮಣಿಗಳಿಗೆ ಗಾಢ ಕಂದು ಹೊಳಪು ಬಣ್ಣ ಕೊಟ್ಟು, ಮೇಲೆ ರಟ್ಟಿನ ದುಂಡು ಮುಚ್ಚಳ ಅಂಟಿಸಿ. ಐದಾರು ಸಾಕು, ದೊಡ್ಡದು ಹಿಂದೆ, ಸಣ್ಣದು ಮುಂದೆ.

ಸುತ್ತ ಎದೆಮಟ್ಟದ ಕಲ್ಲುಮಣ್ಣಿನ ಗೋಡೆ, ಅದರ ತಲೆಗೆ ಹುಲ್ಲು ಅಥವಾ ಹೆಂಚು. ಆಟದಲ್ಲಿ ಮನೆಗಿಂತ ಈ ಗೋಡೆಯೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ, ಗುಂಡಿನಿಂದ ಕವರ್ (ಮರೆ) ಸಿಗುವುದು ಅಲ್ಲೇ. ಊರು ಬೆಟ್ಟದ ಬುಡದಲ್ಲಿ, ಬೆನ್ನಿಗೆ ಬೆಟ್ಟ, ಎದುರಿಗೆ ನೀರು ಮತ್ತು ಗದ್ದೆ ಇರುವಂತೆ ಇಡಿ. ಊರ ಬಾಯಲ್ಲಿ ಒಂದು ದೊಡ್ಡ ಮರ, ಮುಖ ಕೆತ್ತಿದ ಎರಡು ಮರದ ಕಂಬ. ಬೆಟ್ಟದ ಇಳಿಜಾರಿನಲ್ಲಿ ಹುಲ್ಲು ಬೆಳೆದ ದುಂಡು ಸಮಾಧಿಗಳು.

ಮಾಡಿನ ಮೇಲೆ ಒಣಹಾಕಿದ ಕೆಂಪು ಮೆಣಸಿನಕಾಯಿ 1950ಕ್ಕೆ ತುಂಬಾ ಚಂದ. 1592ಕ್ಕೆ ಬೇಡ. ಮೆಣಸಿನಕಾಯಿ ಕೊರಿಯಾದಲ್ಲಿ ಬೇರೂರಿದ್ದು ಆ ಯುದ್ಧದ ಕಾಲದಿಂದ ಈಚೆಗೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಕೊರಿಯಾದ ಕೋಟೆ ಬೇಕು. ಯುರೋಪಿನ ಕೋಟೆ ಗೋಡೆಗೆ ಹೊಸ ಬಣ್ಣ ಹೊಡೆದರೆ ಆಗಲ್ವಾ?

ಗೋಡೆಯ ತುಂಡುಗಳು ಆಗುತ್ತವೆ, ಗೋಪುರಗಳು ಆಗುವುದಿಲ್ಲ. ಕೊರಿಯಾದಲ್ಲಿ ಊರು ಸುತ್ತಿದ ಕೋಟೆಯೇ ಉಪ್‌ಸೊಂಗ್. ಬೆಟ್ಟದ ಏಣು ಹಿಡಿದು ಸಾಗುವುದು ಸಾನ್‌ಸೊಂಗ್. ಎರಡರಲ್ಲೂ ಗೋಡೆ ತಗ್ಗು. ಹೊರಗೆ ಕಲ್ಲು, ಎಷ್ಟೋ ಕಡೆ ಒಳಗೆ ಮಣ್ಣಿನ ಇಳಿಜಾರು. ದುಂಡು ಗೋಪುರದ ಬದಲು ಗೋಡೆಯಿಂದ ಚೌಕಾಕಾರದಲ್ಲಿ ಮುಂದೆ ಚಾಚಿದ ಭಾಗ ಇರುತ್ತದೆ. ಬಾಗಿಲಿನ ಎದುರು ಅರ್ಧಚಂದ್ರಾಕಾರದ ಗೋಡೆ, ಬಾಗಿಲಿನ ಮೇಲೆ ಹೆಂಚಿನ ಮಂಟಪ. ನಿಮ್ಮ ಶ್ರಮವನ್ನೆಲ್ಲ ಈ ಒಂದು ಬಾಗಿಲಿಗೆ ಹಾಕಿ, ಉಳಿದದ್ದು ಬರೀ ಗೋಡೆ.

ಕೋಟೆ ಕಟ್ಟುವ ತಾಳ್ಮೆ ಇಲ್ಲದಿದ್ದರೆ 1593ರ ಹೇಂಗ್ಜು ಯುದ್ಧ ಆಡಿ. ಕೊರಿಯಾದ ಸೇನಾಪತಿ ಕ್ವೊನ್ ಯುಲ್ ಅಲ್ಲಿ ನದಿಯ ಪಕ್ಕದ ಗುಡ್ಡದ ಮೇಲೆ ಮರದ ಬೇಲಿಗಳ ಹಿಂದೆ ನಿಂತು ಜಪಾನಿನ ಸೇನೆಯನ್ನು ಹಿಮ್ಮೆಟ್ಟಿಸಿದ. ಒಂದು ಗುಡ್ಡ, ಒಂದಷ್ಟು ಚೂಪು ಮಾಡಿದ ಕಡ್ಡಿ ಇದ್ದರೆ ಮೇಜು ಸಿದ್ಧ.

1950ರ ಸಿಯೋಲ್ ಬೀದಿ ಕಾಳಗಕ್ಕೆ ಏನೆಲ್ಲಾ ಬೇಕು?

ಇಂಚೊನ್‌ನಲ್ಲಿ ಅಮೆರಿಕದ ನೇತೃತ್ವದ ಸೈನ್ಯ ಇಳಿದದ್ದು 1950ರ ಸೆಪ್ಟೆಂಬರ್ 15ರಂದು, ಆ ತಿಂಗಳ ಕೊನೆಯಲ್ಲಿ ಸಿಯೋಲ್‌ನ ಬೀದಿಬೀದಿಯಲ್ಲೂ ಹೊಡೆದಾಟ. ಉತ್ತರ ಕೊರಿಯಾದವರು ಮಣ್ಣು ತುಂಬಿದ ಅಕ್ಕಿ ಚೀಲಗಳನ್ನು ಅಡ್ಡಲಾಗಿ ಪೇರಿಸಿ ಬೀದಿಗಳನ್ನು ಮುಚ್ಚಿದ್ದರು. ಹಾಗಾಗಿ ಮೊದಲು ಚೀಲಗಳ ಅಡ್ಡಗೋಡೆ ಮಾಡಿ, ಕಟ್ಟಡ ಆಮೇಲೆ. ಮುಖ್ಯ ಬೀದಿಗೆ ಇಟ್ಟಿಗೆ, ಕಲ್ಲಿನ ಎರಡು ಮೂರು ಅಂತಸ್ತಿನ ಕಟ್ಟಡ. ಯುರೋಪಿನ ಪಾಳು ಕಟ್ಟಡಗಳ ಕಿಟ್ ಇಲ್ಲಿ ಸಲೀಸಾಗಿ ಹೊಂದುತ್ತದೆ. 1898ರ ಮ್ಯೊಂಗ್‌ಡೊಂಗ್ ಕ್ಯಾಥೆಡ್ರಲ್ ಇಟ್ಟಿಗೆಯದು, 1925ರ ಸಿಯೋಲ್ ರೈಲು ನಿಲ್ದಾಣಕ್ಕೆ ಗುಮ್ಮಟ ಇದೆ. ಹಿಂದಿನ ಗಲ್ಲಿಗಳಲ್ಲಿ ಒಂದಕ್ಕೊಂದು ತಾಗಿದ ಹೆಂಚಿನ ಹಾನೊಕ್‌ಗಳು. ವಿದ್ಯುತ್ ಕಂಬ, ಟ್ರಾಮ್ ತಂತಿ ಮರೆಯಬೇಡಿ.

ಆಧಾರಕ್ಕೆ ನಂಬಬಹುದಾದ ಫೋಟೋ ಎಲ್ಲಿ ಸಿಗುತ್ತೆ?

1970ರ ದಶಕದ ಸೆಮಾವುಲ್ ಗ್ರಾಮ ಸುಧಾರಣೆಯಲ್ಲಿ ದಕ್ಷಿಣ ಕೊರಿಯಾದ ಹಳ್ಳಿಗಳ ಹುಲ್ಲಿನ ಮಾಡುಗಳನ್ನು ತೆಗೆದು ಶೀಟ್, ಹೆಂಚು ಹಾಕಿದರು. ಹಾಗಾಗಿ ಇವತ್ತಿನ ಹಳ್ಳಿಯ ಫೋಟೋ ನೋಡಿ ಪ್ರಯೋಜನವಿಲ್ಲ. 1950–53ರ ಫೋಟೋಗಳು ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಧಾರಾಳವಾಗಿವೆ. 1871ರ ಗಾಂಗ್ವಾ ಕೋಟೆಗಳನ್ನು ಫೆಲಿಚೆ ಬೆಯಾಟೊ ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದಾನೆ. ಉಳಿದುಕೊಂಡ ಊರುಗಳನ್ನು ನೋಡಬೇಕೆಂದರೆ ಸುಂಚೊನ್‌ನ ನಾಗಾನ್ ಉಪ್‌ಸೊಂಗ್. ಕೋಟೆ ಗೋಡೆಯೊಳಗೆ ಹುಲ್ಲಿನ ಮನೆಗಳು, ಜನ ಇನ್ನೂ ವಾಸವಿದ್ದಾರೆ. 2010ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಹಾಹ್ವೆ ಮತ್ತು ಯಾಂಗ್‌ಡೊಂಗ್‌ನಲ್ಲಿ ಹೆಂಚಿನ ಮನೆ, ಹುಲ್ಲಿನ ಮನೆ ಎರಡೂ ಅಕ್ಕಪಕ್ಕ ಇವೆ. ಮೇಲಿಂದ ತೆಗೆದ ಚಿತ್ರಗಳನ್ನು ಹುಡುಕಿ, ಮೇಜಿನ ಮೇಲೆ ಮನೆ ಜೋಡಿಸಲು ಅವೇ ದಾರಿ ತೋರಿಸುತ್ತವೆ.

ಭಾರತದವರು ಇದ್ದ ಸನ್ನಿವೇಶ ಆಡಬೇಕು ಅಂತ ಆಸೆ. ಅದಕ್ಕೆ ಯಾವ ಕಟ್ಟಡ?

ಎರಡು ಸನ್ನಿವೇಶಗಳಿವೆ. ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ 60 ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್‌ನ ಒಂದು ಸಣ್ಣ ತಂಡ 1951ರ ಮಾರ್ಚ್ 23ರಂದು ಮುನ್ಸಾನ್‌ನಲ್ಲಿ ಅಮೆರಿಕದ ಪ್ಯಾರಾಟ್ರೂಪರ್‌ಗಳ ಜೊತೆ ಧುಮುಕಿತು. ಅದಕ್ಕೆ ಗದ್ದೆ, ಗುಡ್ಡ, ಎರಡು ಮೂರು ಹುಲ್ಲಿನ ಮನೆ ಸಾಕು. ಒಂದು ಮನೆಯ ಅಂಗಳದಲ್ಲಿ ಸ್ಟ್ರೆಚರ್‌ಗಳು, ಗೋಡೆಗೆ ರೆಡ್ ಕ್ರಾಸ್ ಬಟ್ಟೆ ಹಾಕಿ ಚಿಕಿತ್ಸಾ ಠಾಣೆ ಮಾಡಿ. ಗಾಯಾಳುಗಳನ್ನು ಅಲ್ಲಿಗೆ ಮುಟ್ಟಿಸುವುದನ್ನೇ ಆಟದ ಗುರಿಯಾಗಿ ಇಡಬಹುದು.

ಇನ್ನೊಂದು 1953–54ರದು. ಊರಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳನ್ನು ಭಾರತದ ಪಡೆ ಕಾಯ್ದಿತ್ತು. ಅವರ ವಿಷಯ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಕೆ. ಎಸ್. ತಿಮ್ಮಯ್ಯ. ಮಡಿಕೇರಿಯ ಅವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ ಆಗಿದೆ. ಈ ಮೇಜಿಗೆ ಮನೆಗಳೇ ಬೇಡ. ಸಾಲು ಟೆಂಟು, ಎರಡು ಸುತ್ತು ಮುಳ್ಳುತಂತಿ, ಕಾವಲು ಗೋಪುರ, ಕೈದಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿಸುವ ಡೇರೆಗಳು. ಇಲ್ಲಿ ಗುಂಡು ಹಾರಿಸದೆ ಶಿಬಿರವನ್ನು ಶಾಂತವಾಗಿಡುವುದೇ ಭಾರತದ ಆಟಗಾರನ ಗೆಲುವು. ದಾಳಗಳನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.